ಜಾನಪದ ಲೋಕ: ಪದೇ ಪದೇ ಕೇಳುವ ಪ್ರಶ್ನೆಗಳು

ರಾಮನಗರದ ಜಾನಪದ ಲೋಕಕ್ಕೆ ನೆಂಟರಿಷ್ಟರೊಡನೆ, ಶಾಲೆಯ ಮಕ್ಕಳೊಡನೆ, ಕೆಲವೊಮ್ಮೆ ಒಬ್ಬನೇ, ಹಲವು ಬಾರಿ ಹೋಗಿ ಬಂದಿದ್ದೇನೆ. ನಾನು ಆ ಸಂಸ್ಥೆಯ ನೌಕರನಲ್ಲ, ಅದರ ಪರವಾಗಿ ಮಾತನಾಡುವ ಅಧಿಕಾರವೂ ನನಗಿಲ್ಲ. ಆದರೆ ಅಲ್ಲಿ ಜೊತೆಗಿದ್ದವರು ಕೇಳಿದ, ಆಮೇಲೆ ಪತ್ರಗಳಲ್ಲಿಯೂ ಮಾತುಕತೆಗಳಲ್ಲಿಯೂ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟು ಉತ್ತರಿಸಿದ್ದೇನೆ. ಮೊದಲ ಸಲ ಹೋಗುವವರಿಗೆ ಬೇಕಾದದ್ದು ಮೊದಲಿಗಿದೆ, ಬಿಡಿ ವಸ್ತುಗಳ ವಿಚಾರ ನಡುವೆ ಇದೆ, ವಾದಕ್ಕೂ ಹೊಣೆಗಾರಿಕೆಗೂ ಸಂಬಂಧಿಸಿದ ಪ್ರಶ್ನೆಗಳು ಕೊನೆಯಲ್ಲಿವೆ.

## ಮೊದಲ ಸಲ ಹೋಗುವವರಿಗೆ

ಜಾನಪದ ಲೋಕ ಅಂದರೆ ಏನು? ಯಾರು ಕಟ್ಟಿದ್ದು? ಸರ್ಕಾರದ್ದಾ?

ಅದು ಹಳ್ಳಿಯ ಬದುಕಿನ ವಸ್ತುಗಳನ್ನು ಕೂಡಿಸಿಟ್ಟು ತೋರಿಸುವ ಸಂಗ್ರಹಾಲಯ. ಅದನ್ನು ಕಟ್ಟಿದ್ದು ಸರ್ಕಾರವಲ್ಲ, ಕರ್ನಾಟಕ ಜಾನಪದ ಪರಿಷತ್ತು. ಮಂಡ್ಯ ಜಿಲ್ಲೆಯ ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯಲ್ಲಿ 1915ರಲ್ಲಿ ಹುಟ್ಟಿ, ಐಎಎಸ್ ಅಧಿಕಾರಿಯಾಗಿ ದುಡಿದ ಎಚ್.ಎಲ್. ನಾಗೇಗೌಡರು 1979ರಲ್ಲಿ ಪರಿಷತ್ತನ್ನು ಸ್ಥಾಪಿಸಿದರು. ಹಳ್ಳಿಗಳಲ್ಲಿ ಹಾಡುಗಳನ್ನೂ ವಸ್ತುಗಳನ್ನೂ ಕೂಡಿಹಾಕುತ್ತ ಹೋದ ಅವರ ಶ್ರಮ, 15 ಎಕರೆ ನೆಲದಲ್ಲಿ 1994ರಲ್ಲಿ ಉದ್ಘಾಟನೆಯಾದ ಜಾನಪದ ಲೋಕದ ರೂಪ ತಳೆಯಿತು. ಅವರು 2005ರಲ್ಲಿ ತೀರಿಕೊಂಡರು. ಕಂದಾಯದ ಕಡತಗಳ ನಡುವೆ ಬದುಕಿದ ಅಧಿಕಾರಿಯೊಬ್ಬರು ನಿವೃತ್ತಿಯ ವಯಸ್ಸಿನಲ್ಲಿ ಮೊರ, ಕುಕ್ಕೆ, ತಂಬೂರಿಗಳ ಹಿಂದೆ ಹೊರಟದ್ದನ್ನು ನೆನೆದಾಗಲೆಲ್ಲ ನನಗೆ ಅವರ ಮೇಲಿನ ಗೌರವ ಹೆಚ್ಚಾಗುತ್ತದೆ. ಅವರು ಹೊರಟ ಹೊತ್ತಿನಲ್ಲಿ ಆ ವಸ್ತುಗಳನ್ನು ಬಳಸಿದವರು ಇನ್ನೂ ಬದುಕಿದ್ದರು, ಕೇಳಿದರೆ ಹೇಳುತ್ತಿದ್ದರು. ಇಂದು ಅದೇ ಕೆಲಸಕ್ಕೆ ಹೊರಡುವವರಿಗೆ ವಸ್ತು ಸಿಗಬಹುದು, ಹೇಳುವವರು ಸಿಗುವುದು ಕಷ್ಟ.

ಬೆಂಗಳೂರಿಂದ ಹೊಸ ಹೈವೇಲಿ ಹೋದ್ವಿ, ಎಲ್ಲೂ ಕಾಣಿಸಲೇ ಇಲ್ಲ. ಎಲ್ಲಿದೆ?

ಜಾನಪದ ಲೋಕವಿರುವುದು ಬೆಂಗಳೂರಿನಿಂದ ಸುಮಾರು 53 ಕಿ.ಮೀ. ದೂರದಲ್ಲಿ, ರಾಮನಗರ ದಾಟಿ ಚನ್ನಪಟ್ಟಣದ ಕಡೆಗೆ ಹೋಗುವ ಹಳೆಯ ಮೈಸೂರು ರಸ್ತೆಯ ಪಕ್ಕದಲ್ಲಿ. 2023ರಲ್ಲಿ ಉದ್ಘಾಟನೆಯಾದ ಎಕ್ಸ್‌ಪ್ರೆಸ್ ದಾರಿಯು ರಾಮನಗರ, ಚನ್ನಪಟ್ಟಣಗಳ ಹೊರಗಿನಿಂದಲೇ ಹಾದುಹೋಗುವುದರಿಂದ, ಅದರಲ್ಲಿ ಸಾಗಿದವರಿಗೆ ಇದು ಕಾಣಿಸುವುದಿಲ್ಲ. ರಾಮನಗರಕ್ಕೆ ಮೊದಲೇ ಹಳೆಯ ರಸ್ತೆಗೆ ಇಳಿದುಕೊಳ್ಳಬೇಕು. ಬಸ್ಸಿನಲ್ಲಿ ಹೋಗುವವರು ರಾಮನಗರದ ಒಳಗೆ ಬರುವ ಬಸ್ಸನ್ನೇ ಕೇಳಿ ಹತ್ತಬೇಕು. ರೈಲಿನಲ್ಲಿ ಬರುವವರು ರಾಮನಗರ ನಿಲ್ದಾಣದಲ್ಲಿ ಇಳಿದು ಆಟೋ ಹಿಡಿಯಬಹುದು.

ಎಷ್ಟು ಹೊತ್ತು ಬೇಕು? ಮೊದಲು ಯಾವುದನ್ನು ನೋಡಬೇಕು?

ಅರ್ಧ ದಿನವಾದರೂ ಇಟ್ಟುಕೊಳ್ಳಿ. ಹೆಚ್ಚಿನವರು ನೇರವಾಗಿ ಲೋಕಮಹಲ್‌ಗೆ ನುಗ್ಗಿ, ಗೊಂಬೆ, ಮುಖವಾಡ, ವಾದ್ಯಗಳ ನಡುವೆ ದಣಿದು, ಉಳಿದದ್ದನ್ನು ನಡಿಗೆಯಲ್ಲೇ ಮುಗಿಸುತ್ತಾರೆ. ಲೋಕಮಾತಾ ಮಂದಿರದಿಂದ ಆರಂಭಿಸುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಅಡುಗೆಮನೆಯ, ಮನೆಬಳಕೆಯ ಸಾಮಾನುಗಳು ಅಲ್ಲಿರುವುದರಿಂದ, ಜೊತೆಗೆ ಬಂದ ಹಿರಿಯ ಹೆಂಗಸರು ಅಲ್ಲಿಯೇ ಮಾತಿಗೆ ತೊಡಗುತ್ತಾರೆ. ಆ ಮಾತು ಹೊರಟಿತೆಂದರೆ ಮುಂದಿನ ಚಿತ್ರಕುಟೀರ, ದೊಡ್ಡಮನೆ, ಆಯಗಾರರ ಮಾಳ, ಶಿಲ್ಪಮಾಳಗಳಿಗೆ ಬೇರೆ ಮಾರ್ಗದರ್ಶಿಯೇ ಬೇಡ.

ನಮ್ಮ ಅಜ್ಜಿ ಮನೇಲಿ ಇದ್ದ ಒರಳು, ಮೊರ ನೋಡೋಕೆ ದುಡ್ಡು ಕೊಟ್ಟು ಹೋಗಬೇಕಾ?

ಅಜ್ಜಿಯ ಮನೆಯಲ್ಲಿ ಅವು ಇಂದಿಗೂ ಬಳಕೆಯಲ್ಲಿದ್ದರೆ ಖಂಡಿತ ಬೇಡ. ಅಲ್ಲಿಗೇ ಹೋಗಿ, ಅಜ್ಜಿಯ ಪಕ್ಕದಲ್ಲಿ ಕುಳಿತುಕೊಳ್ಳಿ. ಆದರೆ ಈ ಪ್ರಶ್ನೆ ಕೇಳಿದವರಲ್ಲಿ ಹೆಚ್ಚಿನವರಿಗೆ ನಾನು ಮರಳಿ ಒಂದು ಪ್ರಶ್ನೆ ಕೇಳಿದ್ದೇನೆ: ಮೊರಕ್ಕೂ ಜರಡಿಗೂ ಒಂದರಿಗೂ ಇರುವ ವ್ಯತ್ಯಾಸವೇನು? ಕೇರುವುದಕ್ಕೂ ಜರಡಿ ಹಿಡಿಯುವುದಕ್ಕೂ ಕೈ ಹೇಗೆ ಬೇರೆಯಾಗಿ ಆಡುತ್ತದೆ? ಮೊರವನ್ನು ದಿನವೂ ಕಂಡಿದ್ದೂ ಇದನ್ನು ಹೇಳಲಾಗದವರು ಬಹಳ. ನೋಡಿದ್ದೇವೆ ಎಂಬ ನೆನಪು ಗೊತ್ತಿದೆ ಎಂಬ ಭ್ರಮೆಯನ್ನು ಹುಟ್ಟಿಸುತ್ತದೆ. ವಸ್ತುವೊಂದು ಮನೆಯ ಮೂಲೆಯಲ್ಲಿ ಉಳಿದಿದ್ದರೂ ಅದರ ಹೆಸರು, ಅದರ ಬಿಡಿಭಾಗಗಳ ಹೆಸರು, ಅದನ್ನು ಹಿಡಿಯುವ ಬಗೆ ಮೊದಲೇ ಮರೆಯಾಗಿರುತ್ತವೆ.

ಮಕ್ಕಳಿಗೆ ಬೇಜಾರಾಗೋಲ್ವಾ?

ನೋಡು, ಮುಟ್ಟಬೇಡ, ಮುಂದೆ ನಡೆ ಎಂದರೆ ಬೇಸರವಾಗುತ್ತದೆ. ಹೊರಡುವ ಹಿಂದಿನ ದಿನ ಮಗುವಿಗೆ ಮೂರು ವಸ್ತುಗಳ ಹೆಸರು ಮಾತ್ರ ಕೊಡಿ, ನೆಲುವು, ಕಡೆಗೋಲು, ಅಳಗುಳಿ ಮಣೆ ಎಂಬಂತೆ. ಅವನ್ನು ಹುಡುಕಿ, ಗುರುತಿಸಿ, ಚಿತ್ರ ಬರೆದುಕೊಂಡು ಬರಲಿ. ಬೆಕ್ಕಿಗೆ ಎಟುಕದಂತೆ ಹಾಲು ಮೊಸರಿನ ಗಡಿಗೆಗಳನ್ನು ಸೂರಿನಿಂದ ತೂಗುಬಿಡುತ್ತಿದ್ದ ಹಗ್ಗದ ಹೆಣಿಗೆಯೇ ನೆಲುವು ಎಂದು ಕಂಡುಕೊಂಡ ಮಗು ಅದನ್ನು ಮರೆಯುವುದಿಲ್ಲ. ಹೊರದೇಶಗಳಲ್ಲಿ ಬೆಳೆದು ರಜೆಗೆ ಬರುವ ಕನ್ನಡದ ಮಕ್ಕಳಿಗೂ ಇದೇ ದಾರಿ ಫಲ ಕೊಟ್ಟದ್ದನ್ನು ಕಂಡಿದ್ದೇನೆ.

## ವಸ್ತುಗಳ ಬಗ್ಗೆ

ಮರದ ಬಟ್ಟಲಿಗೆ ಬಿದಿರು ಕೊಳವೆಗಳನ್ನು ಕಟ್ಟಿಟ್ಟಿದ್ದಾರಲ್ಲ, ಅದೇನು?

ಅದು ಕೂರಿಗೆ, ಬಿತ್ತನೆಯ ಉಪಕರಣ. ಮೇಲಿನ ಬಟ್ಟಲಿನಲ್ಲಿ ಸುತ್ತಲೂ ತೂತುಗಳಿರುತ್ತವೆ. ಒಂದೊಂದು ತೂತಿನಿಂದ ಒಂದೊಂದು ಬಿದಿರಿನ ಕೊಳವೆ ಕೆಳಗಿನ ಒಂದೊಂದು ತಾಳಿಗೆ, ಅಂದರೆ ಮಣ್ಣು ಗೀರುವ ಮೊನೆಗೆ, ಇಳಿಯುತ್ತದೆ. ಎತ್ತುಗಳು ಎಳೆದಂತೆ ತಾಳುಗಳು ಮಣ್ಣಿನಲ್ಲಿ ಸಾಲು ತೆಗೆಯುತ್ತವೆ, ಕಾಳು ಕೊಳವೆಯೊಳಗಿಂದ ಜಾರಿ ಸಾಲಿನೊಳಗೆ ಬೀಳುತ್ತದೆ. ಬೆಳೆಗೆ ತಕ್ಕಂತೆ ತಾಳುಗಳ ಸಂಖ್ಯೆ ಬದಲಾಗುತ್ತಿತ್ತು.

ಆದರೆ ಇಡೀ ಕೌಶಲ ಇದ್ದದ್ದು ಬಟ್ಟಲಿಗೆ ಬೀಜ ಬಿಡುವವರ ಮುಷ್ಟಿಯಲ್ಲಿ. ಎತ್ತಿನ ನಡಿಗೆಗೆ ಹೆಜ್ಜೆ ಹೊಂದಿಸಿಕೊಂಡು, ಬೆರಳ ಸಂದಿಯಿಂದ ಒಂದೇ ಸಮನಾಗಿ ಕಾಳು ಉದುರಿಸಬೇಕು. ಕೈ ಬಿಗಿಯಾದರೆ ಪೈರು ತೆಳುವಾಗುತ್ತದೆ, ಸಡಿಲವಾದರೆ ಒತ್ತಾಗುತ್ತದೆ. ಎಷ್ಟೋ ಊರುಗಳಲ್ಲಿ ಈ ಕೆಲಸ ಹೆಂಗಸರದಾಗಿತ್ತು. ಕೈಗುಣವಿದ್ದವರನ್ನು ಹದದ ದಿನಗಳಲ್ಲಿ ಹುಡುಕಿಕೊಂಡು ಬಂದು ಕರೆದೊಯ್ಯುತ್ತಿದ್ದರು. ಕೂರಿಗೆಯ ಹಿಂದೆ ಬೇರೆಯಾಗಿ ಕಟ್ಟಿದ ಒಂಟಿ ಕೊಳವೆಯಲ್ಲಿ ಅವರೆ, ತೊಗರಿಗಳನ್ನು ಬಿಡುತ್ತಿದ್ದರು. ರಾಗಿಯ ಹೊಲದ ನಡುನಡುವೆ ಬರುವ ಆ ಸಾಲುಗಳೇ ಅಕ್ಕಡಿ ಸಾಲುಗಳು. ರಾಗಿ ಕೊಯ್ಲಾದ ಮೇಲೂ ಅವರೆ ನಿಂತು ಹಬ್ಬುತ್ತಿತ್ತು, ಮಳೆ ಕೈಕೊಟ್ಟ ವರ್ಷ ಒಂದು ಹೋದರೂ ಇನ್ನೊಂದು ಕೈಗೆ ಹತ್ತುತ್ತಿತ್ತು. 1800–01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ ಇಲ್ಲಿನ ಬೇಸಾಯದ ಕ್ರಮವನ್ನೂ ಉಪಕರಣಗಳನ್ನೂ ವಿವರವಾಗಿ ಬರೆದಿಟ್ಟಿದ್ದಾನೆ. ಕಟ್ಟಡದೊಳಗೆ ನಿಲ್ಲಿಸಿದ ಕೂರಿಗೆಯಲ್ಲಿ ಕಾಣದಿರುವುದು ಆ ಮುಷ್ಟಿ ಒಂದೇ. ಬೀಜ ಬಿಟ್ಟವರು ನಿಮ್ಮ ಮನೆಯಲ್ಲಿದ್ದರೆ ಒಂದು ಹಿಡಿ ರಾಗಿ ಕೊಟ್ಟು ಮಾಡಿ ತೋರಿಸಲು ಕೇಳಿ, ಅದನ್ನು ಫೋನಿನಲ್ಲಿ ಚಿತ್ರೀಕರಿಸಿಕೊಳ್ಳಿ.

ರಾಗೀನ ನೆಲದಲ್ಲಿ ಹೂತಿಡ್ತಿದ್ರು ಅಂತಾರೆ. ಕೊಳೆಯೋದಿಲ್ವಾ?

ಹಗೇವಿನ, ಅಂದರೆ ನೆಲದೊಳಗಿನ ಧಾನ್ಯದ ಗುಂಡಿಯ, ಮಾತು ಬಂದಾಗಲೆಲ್ಲ ಈ ಪ್ರಶ್ನೆ ಬರುತ್ತದೆ. ನೀರು ನಿಲ್ಲದ ಗಟ್ಟಿ ನೆಲವನ್ನು ನೋಡಿ, ಬಾಯಿ ಕಿರಿದು ಹೊಟ್ಟೆ ಅಗಲವಾಗಿರುವಂತೆ ಗುಂಡಿ ತೋಡಿ, ಸುತ್ತ ಹುಲ್ಲು ಒತ್ತಿ, ಚೆನ್ನಾಗಿ ಒಣಗಿದ ರಾಗಿಯನ್ನು ತುಂಬಿ, ಬಾಯಿಯನ್ನು ಚಪ್ಪಡಿಯಿಂದ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಒಳಗಿರುವ ಕಾಳು ಸತ್ತ ವಸ್ತುವಲ್ಲ, ಅದು ನಿಧಾನವಾಗಿ ಉಸಿರಾಡುತ್ತದೆ. ಮುಚ್ಚಿದ ಗುಂಡಿಯಲ್ಲಿ ಆ ಉಸಿರಾಟವೇ ಆಮ್ಲಜನಕವನ್ನು ಕಡಿಮೆ ಮಾಡಿ ಇಂಗಾಲದ ಡೈಆಕ್ಸೈಡನ್ನು ತುಂಬುವುದರಿಂದ ಹುಳುಗಳು ಬದುಕುವುದಿಲ್ಲ. ರಾಗಿಯಂತಹ ಸಣ್ಣ, ಗಟ್ಟಿ ಕಾಳು ಹೀಗೆ ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು. ಬರಗಾಲಕ್ಕೆ ಹಳ್ಳಿಯ ಭರವಸೆ ಅದೇ ಆಗಿತ್ತು.

ಕಾಳನ್ನು ಕಾಯುವ ಆ ಗಾಳಿಯೇ ಮನುಷ್ಯನ ಪ್ರಾಣಕ್ಕೆ ಕುತ್ತು. ಆದ್ದರಿಂದ ಹಗೇವು ತೆಗೆದ ಕೂಡಲೇ ಯಾರೂ ಒಳಗಿಳಿಯುತ್ತಿರಲಿಲ್ಲ. ಬಾಯಿ ತೆರೆದು ಬಹಳ ಹೊತ್ತು ಬಿಟ್ಟು, ದೀಪ ಇಳಿಬಿಟ್ಟು, ಅದು ಆರದೆ ಉರಿದರೆ ಮಾತ್ರ ಇಳಿಯುತ್ತಿದ್ದರು. ನಿಮ್ಮ ಊರಿನಲ್ಲಿ ಹಳೆಯ ಹಗೇವು ಸಿಕ್ಕಿದರೆ ಮಕ್ಕಳನ್ನು ಇಳಿಸಬೇಡಿ.

ನೆಲದ ಮೇಲೆ ಕಾಪಿಡುವುದಕ್ಕೆ ಬೇರೆ ಏರ್ಪಾಡುಗಳಿದ್ದವು: ಹೆಣೆದು ಸಗಣಿ ಸಾರಿಸಿದ ಬಿದಿರಿನ ಕಣಜ, ಮಣ್ಣಿನ ಬಳೆಗಳನ್ನು ಒಂದರ ಮೇಲೊಂದು ಕೂರಿಸಿದ ವಾಡೆ, ದೊಡ್ಡ ಗುಡಾಣ.

ಒಂದು ಕೊಳಗ ಅಂದರೆ ಎಷ್ಟು ಕೆಜಿ?

ಕೊಳಗ, ಸೇರು, ಪಾವು ಇವೆಲ್ಲ ತೂಕಗಳಲ್ಲ, ಗಾತ್ರದ ಅಳತೆಗಳು. ಒಂದೇ ಸೇರಿನಲ್ಲಿ ತುಂಬಿದ ರಾಗಿಯ ತೂಕ ಬೇರೆ, ಭತ್ತದ ತೂಕ ಬೇರೆ. ಆದ್ದರಿಂದ ಕಿಲೋಗ್ರಾಂಗೆ ಒಂದೇ ಉತ್ತರವಿಲ್ಲ. 4 ಪಾವಿಗೆ 1 ಸೇರು, 20 ಕೊಳಗಕ್ಕೆ 1 ಖಂಡುಗ ಎಂಬುದು ಸಾಮಾನ್ಯ ಲೆಕ್ಕ. ಕೊಳಗದ ಗಾತ್ರ ಮಾತ್ರ ಸೀಮೆಯಿಂದ ಸೀಮೆಗೆ ಬದಲಾಗುತ್ತಿತ್ತು. ಒಂದು ಖಂಡುಗ ಬೀಜ ಹಿಡಿಯುವ ನೆಲವನ್ನು ಖಂಡುಗದ ಗದ್ದೆ ಎಂದು ಕರೆದದ್ದರಿಂದ ಭೂಮಿಯ ಅಳತೆಗೂ ಅದೇ ಮಾತು ಬಂತು. ಕಣದಲ್ಲಿ ರಾಶಿ ಅಳೆಯುವಾಗ ಮೊದಲ ಅಳತೆಗೆ ‘ಒಂದು’ ಎನ್ನದೆ ‘ಲಾಭ’ ಎಂದು ಎಣಿಸುವ ರೂಢಿ ಹಲವು ಊರುಗಳಲ್ಲಿತ್ತು. 1956ರ ತೂಕ ಮತ್ತು ಅಳತೆಗಳ ಕಾಯ್ದೆಯ ನಂತರ ಮೆಟ್ರಿಕ್ ಪದ್ಧತಿ ಬಂದು ಇವು ಸಂತೆಯಿಂದ ಹಿಂದೆ ಸರಿದವು, ಆದರೂ ಅಕ್ಕಿ ಅಳೆಯುವ ಪಾವು ಇನ್ನೂ ಹಲವು ಅಡುಗೆಮನೆಗಳಲ್ಲಿದೆ.

ಬೀಸೋ ಕಲ್ಲು ನೋಡಿದ್ವಿ. ಅದಕ್ಕೂ ಹಾಡಿಗೂ ಏನು ಸಂಬಂಧ?

ಬೀಸುವುದು ನಸುಕಿನ ಕೆಲಸ, ಏಕತಾನದ ಕೆಲಸ, ತೋಳು ಸೋಲುವ ಕೆಲಸ. ಮೇಲಿನ ಕಲ್ಲಿನ ಬಾಯಿಗೆ ಒಂದು ಕೈ ಕಾಳು ಹಾಕುತ್ತಿದ್ದರೆ ಇನ್ನೊಂದು ಕೈ ಗೂಟ ಹಿಡಿದು ಸುತ್ತುತ್ತದೆ. ಇಬ್ಬರು ಎದುರುಬದುರು ಕುಳಿತರೆ ಸುತ್ತು ಹಗುರಾಗುತ್ತದೆ. ಆ ಸುತ್ತಿಗೆ ಒಂದು ಲಯವಿದೆ, ಆ ಲಯಕ್ಕೆ ತಕ್ಕ ಸಾಲುಗಳು ಹುಟ್ಟಿಕೊಂಡವು. ಮೂರು ಸಾಲಿನ ತ್ರಿಪದಿಯ ಎಷ್ಟೋ ಹಾಡುಗಳು ಬೀಸುವ ಹೆಂಗಸರ ಬಾಯಲ್ಲಿ ಬದುಕಿದ್ದವು. ತವರಿನ ನೆನಪು, ಅತ್ತೆಮನೆಯ ನೋವು, ಮಗುವಿನ ಮುದ್ದು, ಕಲ್ಲಿಗೇ ಸಲ್ಲಿಸುವ ನಮಸ್ಕಾರ, ಎಲ್ಲವೂ ಅದರೊಳಗೆ ಬಂದವು. ಹಗಲು ಯಾರ ಮುಂದೆಯೂ ಆಡಲಾಗದ ಮಾತನ್ನು ಕಲ್ಲಿನ ಸದ್ದಿನ ಮರೆಯಲ್ಲಿ ಹಾಡಿಬಿಡಬಹುದಾಗಿತ್ತು.

ಹಿಟ್ಟಿನ ಗಿರಣಿ ಹಳ್ಳಿಗೆ ಬಂದಾಗ ತೋಳಿನ ನೋವು ಹೋಯಿತು, ಅದು ಹೋಗಬೇಕಾದದ್ದೇ. ಜೊತೆಯಲ್ಲೇ ಹಾಡುವ ಹೊತ್ತೂ ಹೋಯಿತು. ಜಾನಪದ ಪರಿಷತ್ತು ಹಾಡುಗಳನ್ನು ಧ್ವನಿಮುದ್ರಿಸಿ ಇಟ್ಟದ್ದು, ನನ್ನ ಮಟ್ಟಿಗೆ, ಕಲ್ಲನ್ನು ತಂದಿಟ್ಟದ್ದಕ್ಕಿಂತ ದೊಡ್ಡ ಕೆಲಸ.

ತೊಗಲು ಗೊಂಬೆಗೆ ಅಷ್ಟೊಂದು ಬಣ್ಣ ಯಾಕೆ? ಪರದೆ ಮೇಲೆ ಬರೋದು ನೆರಳು ತಾನೆ?

ನೆರಳೇ, ಆದರೆ ಬಣ್ಣದ ನೆರಳು. ಹದ ಮಾಡಿ ತೆಳುಗೊಳಿಸಿದ ಚರ್ಮ ಬೆಳಕನ್ನು ಹಾಯಗೊಡುವುದರಿಂದ ಹಚ್ಚಿದ ಬಣ್ಣ ಪರದೆಯ ಮೇಲೆ ಹೊಳೆಯುತ್ತದೆ. ಕೊರೆದ ಸಣ್ಣ ತೂತುಗಳು ಆಭರಣಗಳಾಗಿ ಕಾಣುತ್ತವೆ. ಸಾಧ್ಯವಾದರೆ ಗೊಂಬೆಯ ಹಿಂದೆ ಬೆಳಕಿರುವ ಕಡೆ ನಿಂತು ನೋಡಿ.

## ಯೋಚಿಸಬೇಕಾದವು

ಆಯಗಾರರ ಪದ್ಧತಿ ಅಂದರೆ ಜಾತಿ ಪದ್ಧತಿಯೇ ಅಲ್ಲವೆ? ಅದನ್ನು ಚೆಂದ ಮಾಡಿ ತೋರಿಸುವುದು ಸರಿಯೆ?

ಈ ಪ್ರಶ್ನೆಯನ್ನು ಕೇಳಿದವರಿಗೆ ನಾನು ಕೃತಜ್ಞ. ಕಮ್ಮಾರ, ಬಡಗಿ, ಕುಂಬಾರ, ಅಗಸ, ಕ್ಷೌರಿಕ, ತಳವಾರ, ತೋಟಿ, ನೀರಗಂಟಿ ಮೊದಲಾದವರು ವರ್ಷವಿಡೀ ಊರಿಗೆ ದುಡಿದು, ಸುಗ್ಗಿಯಲ್ಲಿ ಕಣದಿಂದ ತಮ್ಮ ಪಾಲಿನ ಧಾನ್ಯವನ್ನು, ಅಂದರೆ ಆಯವನ್ನು, ಪಡೆಯುತ್ತಿದ್ದರು. ಊರಿಗೆ 12 ಮಂದಿ ಆಯಗಾರರು ಎಂಬ ಲೆಕ್ಕವಿತ್ತು. ಹಣವಿಲ್ಲದೆ ಇಡೀ ಊರಿನ ಕೆಲಸ ನಡೆಯುತ್ತಿದ್ದ ಈ ಏರ್ಪಾಡನ್ನು ಸಾಮರಸ್ಯದ ಚಿತ್ರವೆಂದು ಹೇಳಿಬಿಡುವುದು ಸುಲಭ. ಆದರೆ ಯಾರು ಯಾವ ಕೆಲಸ ಮಾಡಬೇಕೆಂಬುದನ್ನು ಹುಟ್ಟು ನಿರ್ಧರಿಸುತ್ತಿತ್ತು, ಪಾಲು ಎಷ್ಟೆಂಬುದನ್ನು ಕಣದ ಒಡೆಯ ನಿರ್ಧರಿಸುತ್ತಿದ್ದ, ಕೆಲವರು ಆ ಪಾಲನ್ನು ಕಣದ ಹೊರಗೆ ನಿಂತು ಪಡೆಯಬೇಕಿತ್ತು. ವಂಶಪಾರಂಪರ್ಯವಾಗಿ ನಡೆದುಬಂದ ಗ್ರಾಮದ ಹುದ್ದೆಗಳನ್ನು ರಾಜ್ಯದಲ್ಲಿ ರದ್ದುಪಡಿಸಲು 1961ರಲ್ಲಿ ಕಾಯ್ದೆಯೇ ಬರಬೇಕಾಯಿತು.

ಕುಂಬಾರನ ತಿಗರಿಯನ್ನೂ ಕಮ್ಮಾರನ ತಿದಿಯನ್ನೂ ನೋಡುವಾಗ ಎರಡನ್ನೂ ಒಟ್ಟಿಗೆ ಹಿಡಿಯಬೇಕು. ಆ ಕೈಗಳ ಜಾಣ್ಮೆ ನಿಜ, ಅವುಗಳಿಗಾದ ಅನ್ಯಾಯವೂ ನಿಜ. ಜಾಣ್ಮೆಯನ್ನು ಮಾತ್ರ ಹೇಳಿದರೆ ಸುಳ್ಳಾಗುತ್ತದೆ. ಅನ್ಯಾಯದ ಕಾರಣಕ್ಕೆ ವಸ್ತುಗಳನ್ನೇ ಬದಿಗಿಟ್ಟರೆ, ಹಾಗೆ ದುಡಿದವರ ವಿದ್ಯೆಯನ್ನು ಎರಡನೆಯ ಸಲ ಕಸಿದುಕೊಂಡಂತಾಗುತ್ತದೆ. ಮಕ್ಕಳನ್ನು ಕರೆದೊಯ್ಯುವ ಮೇಷ್ಟ್ರುಗಳು ಆಯಗಾರರ ಮಾಳದ ಮುಂದೆ ನಿಂತು ಎರಡನ್ನೂ ಹೇಳಬೇಕೆಂದು ನಾನು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಮನೆ ಕೆಡವುತ್ತಿದ್ದೇವೆ. ಅಟ್ಟದ ಮೇಲಿನ ಹಳೆ ಸಾಮಾನು ಮ್ಯೂಸಿಯಂಗೆ ಕೊಡಬಹುದಾ?

ಕೊಡುವ ಮೊದಲು ವಿಚಾರಿಸಬೇಕು. ಯಾವ ಸಂಗ್ರಹಾಲಯಕ್ಕೂ ಜಾಗ ಅಪಾರವಲ್ಲ. ಈಗಾಗಲೇ ಹತ್ತು ಒನಕೆಗಳಿರುವ ಕಡೆ ಹನ್ನೊಂದನೆಯದು ಹೊರೆಯಾಗಬಹುದು. ಆದರೆ ವಿವರವಿರುವ ಹನ್ನೊಂದನೆಯ ಒನಕೆ, ವಿವರವಿಲ್ಲದ ಹತ್ತಕ್ಕಿಂತ ಮೇಲು. ಆದ್ದರಿಂದ ಸಾಮಾನು ಅಟ್ಟದಿಂದ ಇಳಿದ ದಿನವೇ ಮನೆಯ ಹಿರಿಯರನ್ನು ಎದುರಿಗೆ ಕೂರಿಸಿಕೊಂಡು ಒಂದು ಹಾಳೆಯಲ್ಲಿ ಬರೆದಿಡಿ: ನಿಮ್ಮ ಊರಿನಲ್ಲಿ ಅದಕ್ಕೆ ಏನೆನ್ನುತ್ತಿದ್ದರು, ಅದರ ಒಂದೊಂದು ಭಾಗಕ್ಕೆ ಏನೆನ್ನುತ್ತಿದ್ದರು, ಯಾವ ಮರ, ಮಾಡಿದವರು ಯಾರು, ಮನೆಗೆ ಬಂದದ್ದು ಹೇಗೆ, ಯಾರು ಬಳಸುತ್ತಿದ್ದರು, ಎಂದಿನಿಂದ ಬಳಕೆ ನಿಂತಿತು. ಪುಸ್ತಕದ ಹೆಸರಿಗೆ ತಿದ್ದಬೇಡಿ. ಬಯಲುಸೀಮೆಯವರ ಮಾತು, ಮಲೆನಾಡಿನವರ ಮಾತು, ಕರಾವಳಿಯವರ ಮಾತು ಬೇರೆ ಬೇರೆಯಾಗಿಯೇ ಉಳಿಯಲಿ. ಗುಜರಿಯವನಿಗೆ ತೂಕಕ್ಕೆ ಕೊಟ್ಟು ಆಮೇಲೆ ಪರಿತಪಿಸಿದವರ ಪತ್ರಗಳು ನನ್ನಲ್ಲಿವೆ; ಪ್ರತಿಯೊಂದರಲ್ಲಿಯೂ ಹೋದದ್ದು ಹಿತ್ತಾಳೆಯಲ್ಲ, ಕೇಳದೆ ಬಿಟ್ಟ ಪ್ರಶ್ನೆ.

ಕೊಡೋ ಮನಸ್ಸಿಲ್ಲ, ಮನೇಲೇ ಇಟ್ಕೋತೀವಿ. ಹೇಗೆ ಕಾಪಾಡೋದು?

ಮರದ ವಸ್ತುವಿಗೆ ಹೊಳಪು ಬರಲೆಂದು ವಾರ್ನಿಷ್ ಬಳಿಯಬೇಡಿ. ಕೈ ತಾಗಿ ನಯವಾದ ಜಾಗ, ಹಗ್ಗ ಉಜ್ಜಿ ಬಿದ್ದ ಗೆರೆ, ಹಿಟ್ಟು ಕೂತ ಕಲೆ, ಇವೇ ಆ ವಸ್ತುವಿನ ಚರಿತ್ರೆ. ಒಣ ಬಟ್ಟೆಯಲ್ಲಿ ಅಥವಾ ಮೆದುವಾದ ಬ್ರಷ್‌ನಲ್ಲಿ ಧೂಳು ತೆಗೆದರೆ ಸಾಕು. ನೆಲದ ತೇವ ತಾಗದಂತೆ ಹಲಗೆಯ ಮೇಲೆ, ಗೋಡೆಗೆ ಒರಗಿಸದೆ, ಗಾಳಿಯಾಡುವ ಕಡೆ ಇಡಿ. ಕೆಳಗೆ ಸಣ್ಣ ಹಿಟ್ಟಿನಂತಹ ಪುಡಿ ಉದುರುತ್ತಿದ್ದರೆ ಒಳಗೆ ಹುಳು ಕೊರೆಯುತ್ತಿದೆ ಎಂದರ್ಥ. ಕೂಡಲೇ ಬೇರೆ ಸಾಮಾನುಗಳಿಂದ ದೂರವಿಡಿ. ಕಂಬಳಿಯನ್ನು ಆಗಾಗ ಬಿಡಿಸಿ, ಕೊಡವಿ, ಮಡಿಕೆ ಬದಲಿಸಿ ಇಡಬೇಕು. ಹಿತ್ತಾಳೆ ತಾಮ್ರಗಳನ್ನು ಹುಣಸೆಹಣ್ಣಿನಲ್ಲಿ ಉಜ್ಜಿದಷ್ಟೂ ಕೆತ್ತನೆ ಸವೆಯುತ್ತದೆ, ಒಳಗಿನ ಕಲಾಯಿಯೂ ಹೋಗುತ್ತದೆ. ತಾಳೆಗರಿಯ ಕಟ್ಟು ಇದ್ದರೆ ಕೈ ಹಾಕಬೇಡಿ, ಬಲ್ಲವರಿಗೆ ತೋರಿಸಿ.

ನಮ್ಮ ಹೊಲದ ಬದಿಯಲ್ಲಿ ಒಂದು ವೀರಗಲ್ಲು ಬಿದ್ದಿದೆ. ಮನೆಗೆ ತಂದಿಟ್ಟುಕೊಳ್ಳಬಹುದೇ?

ಬೇಡ. ಕಲ್ಲು ನಿಂತ ಜಾಗವೂ ಅದರ ಬರಹದಷ್ಟೇ ಮುಖ್ಯ. ಊರಳಿವು (ಊರಿನ ಮೇಲಿನ ದಾಳಿ), ತುರುಗೋಳು (ದನಗಳನ್ನು ಹೊಡೆದೊಯ್ಯುವ ಕಾಳಗ) ಯಾವ ದಿಕ್ಕಿನಲ್ಲಿ ನಡೆಯಿತೆಂಬ ಸುಳಿವು ಆ ಜಾಗದಲ್ಲೂ ಇರಬಹುದು. ಇದ್ದಲ್ಲೇ ಫೋಟೊ ತೆಗೆದು, ಪುರಾತತ್ವ ಇಲಾಖೆಗೂ ಹತ್ತಿರದ ಕಾಲೇಜಿನ ಇತಿಹಾಸದ ಮೇಷ್ಟ್ರಿಗೂ ತಿಳಿಸಿ. ನೂರು ವರ್ಷ ಮೀರಿದ ಇಂತಹ ವಸ್ತುಗಳಿಗೆ 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆ ಅನ್ವಯಿಸುತ್ತದೆ. ಖಾಸಗಿಯಾಗಿ ದೇಶದ ಹೊರಗೆ ಸಾಗಿಸುವುದು ಅಪರಾಧ. ಅಕ್ಷರ ಕಾಣಲೆಂದು ಸುಣ್ಣ, ಎಣ್ಣೆ ಬಳಿಯಬೇಡಿ.

ಇಂಥದ್ದು ಇನ್ನೆಲ್ಲಿದೆ?

ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ 1968ರಲ್ಲಿ ಆರಂಭವಾಯಿತು. ಅದರ ನೆಲೆ ಮಾನಸಗಂಗೋತ್ರಿಯ ಜಯಲಕ್ಷ್ಮಿ ವಿಲಾಸ. ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವಿದೆ. ಮಣಿಪಾಲದ ಹಸ್ತಶಿಲ್ಪ ಗ್ರಾಮದಲ್ಲಿ ಹಳೆಯ ಮನೆಗಳನ್ನೇ ಬಿಚ್ಚಿ ತಂದು ಮತ್ತೆ ಕಟ್ಟಿದ್ದಾರೆ. ಬಯಲಿನಲ್ಲಿ ಹಳ್ಳಿಯ ಬದುಕನ್ನು ತೋರಿಸುವ ಈ ಬಗೆಗೆ ಜಗತ್ತಿನ ಹೆಸರಾಂತ ಮೊದಲ ಮಾದರಿಗಳಲ್ಲೊಂದು 1891ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಆರಂಭವಾದ ಸ್ಕಾನ್ಸೆನ್.

ನಮ್ಮ ಊರಲ್ಲೇ ಒಂದು ಸಣ್ಣ ಸಂಗ್ರಹಾಲಯ ಮಾಡಬೇಕು ಅಂತಿದ್ದೇವೆ. ಎಲ್ಲಿಂದ ಶುರು ಮಾಡೋದು?

ಕಟ್ಟಡದಿಂದ ಬೇಡ. ಚಂದಾ ಎತ್ತಿ ಮೊದಲು ಕೊಠಡಿ ಕಟ್ಟಿದ ಕಡೆ ವಸ್ತುಗಳು ಬಾಗಿಲ ಹಿಂದೆ ರಾಶಿಬಿದ್ದು, ಯಾವುದು ಯಾರದೆಂಬುದೂ ತಿಳಿಯದೆ ಗೆದ್ದಲಿಗೆ ಆಹಾರವಾದದ್ದನ್ನು ನೋಡಿ ಸಂಕಟಪಟ್ಟಿದ್ದೇನೆ. ಒಂದು ರಟ್ಟಿನ ದಪ್ಪ ಪುಸ್ತಕದಿಂದ ಆರಂಭಿಸಿ. ಬರುವ ಪ್ರತಿಯೊಂದು ವಸ್ತುವಿಗೂ ಒಂದು ಸಂಖ್ಯೆ, ಪುಸ್ತಕದಲ್ಲಿ ಅದೇ ಸಂಖ್ಯೆಯ ಎದುರು ವಿವರ. ವಸ್ತುವಿನ ಮೇಲೆ ಬಣ್ಣದಲ್ಲಿ ಬರೆಯದೆ, ದಾರದಲ್ಲಿ ಕಟ್ಟಿದ ಚೀಟಿ ಸಾಕು. ಮೊದಲ ವರ್ಷ ಒಂದೇ ವಿಷಯ ಹಿಡಿಯಿರಿ. ನಿಮ್ಮದು ಕೆರೆಯ ಊರಾದರೆ ತೂಬು, ನೀರಗಂಟಿ, ನೀರೆತ್ತುವ ಕಪಿಲೆ, ಯಾತ ಇಷ್ಟರ ಬಗ್ಗೆಯೇ ಕೂಡಿಸಿ. ನೇಯುವ ಊರಾದರೆ ಮಗ್ಗದ ಬಿಡಿಭಾಗಗಳ ಹೆಸರುಗಳೇ ಒಂದು ಪುಸ್ತಕವಾಗುತ್ತವೆ.

ಊರಿನಲ್ಲಿ 75 ದಾಟಿದವರ ಪಟ್ಟಿ ಮಾಡಿ, ಅವರಲ್ಲಿ ಹೆಚ್ಚು ವಯಸ್ಸಾದವರ ಮನೆಗೆ ಮೊದಲು ಹೋಗಿ. ಬರಿಗೈಯಲ್ಲಿ ಹೋಗಿ ‘ಹಳೆಯ ಕಾಲದ ಬಗ್ಗೆ ಹೇಳಿ’ ಎಂದರೆ ಅವರಿಗೆ ಎಲ್ಲಿಂದ ಆರಂಭಿಸಬೇಕೆಂದು ತೋಚುವುದಿಲ್ಲ. ಒಂದು ನೊಗವನ್ನೋ ಕಡೆಗೋಲನ್ನೋ ಜೊತೆಗೆ ಒಯ್ದು ಅವರ ಕೈಗೆ ಕೊಡಿ, ರೆಕಾರ್ಡರ್ ಚಾಲೂ ಮಾಡಿ, ಸುಮ್ಮನಿರಿ.